ಮೂರಕ್ಷರದ ಓದು: ಓಆರ್‌ಎಫ್ ಹುಡುಕುವ ಮೊದಲು

ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ‘ಯಮಾತಾರಾಜಭಾನಸಲಗಂ’. ಮೊದಲ ಮೂರಕ್ಷರ ಯಮಾತಾ, ಅದು ಯಗಣ. ಒಂದಕ್ಷರ ಬಿಟ್ಟು ಶುರು ಮಾಡಿದರೆ ಮಾತಾರಾ, ಮಗಣ. ಇನ್ನೊಂದು ಬಿಟ್ಟರೆ ತಾರಾಜ, ತಗಣ. ಸಾಲು ಅದೇ, ಶುರುವಿನ ಜಾಗ ಮಾತ್ರ ಬೇರೆ. ಡಿಎನ್‌ಎಯ ರೀಡಿಂಗ್ ಫ್ರೇಮ್, ಅಂದರೆ ಅಕ್ಷರಗಳನ್ನು ಎಲ್ಲಿಂದ ಮೂರು ಮೂರಾಗಿ ಓದುತ್ತೇವೆ ಅನ್ನುವುದು, ನನ್ನ ತಲೆಗೆ ಸರಿಯಾಗಿ ಹೋಗಿದ್ದು ಇದು ನೆನಪಾದ ಮೇಲೆಯೇ.

ಓಆರ್‌ಎಫ್ (ಓಪನ್ ರೀಡಿಂಗ್ ಫ್ರೇಮ್) ಹುಡುಕುವ ಸಾಫ್ಟ್‌ವೇರ್ ತೆರೆಯುವ ಮೊದಲು ಒಂದು ಸಲ ಪೆನ್ನು ಹಿಡಿದು ಮಾಡಿ. ಡಿಎನ್‌ಎ ಸಾಲಿನಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಈ 14 ಅಕ್ಷರ ಬರೆದುಕೊಳ್ಳಿ:

ಸಿ ಎ ಟಿ ಜಿ ಎ ಎ ಎ ಜಿ ಸಿ ಟಿ ಟಿ ಎ ಜಿ ಸಿ

ಮೊದಲ ಅಕ್ಷರದಿಂದ ಮೂರು ಮೂರಾಗಿ ಕತ್ತರಿಸಿದರೆ ಸಿಎಟಿ, ಜಿಎಎ, ಎಜಿಸಿ, ಟಿಟಿಎ. ಏನೂ ಸಿಗಲಿಲ್ಲ. ಎರಡನೆಯದರಿಂದ ಶುರು ಮಾಡಿ: ಎಟಿಜಿ, ಎಎಎ, ಜಿಸಿಟಿ, ಟಿಎಜಿ. ಇಂಥ ಒಂದೊಂದು ಮೂರಕ್ಷರವೂ ಒಂದು ಕೋಡಾನ್. ಎಟಿಜಿ ಅಂದರೆ ಸ್ಟಾರ್ಟ್, ಪ್ರೋಟೀನ್ ಇಲ್ಲಿಂದ ಶುರು; ಟಿಎಜಿ ಅಂದರೆ ಸ್ಟಾಪ್, ಅಲ್ಲಿಗೆ ಮುಗಿಯಿತು. ನಡುವೆ ಲೈಸಿನ್, ಅಲನಿನ್, ಅಂದರೆ ಪ್ರೋಟೀನಿನ ಮಣಿಗಳಾದ ಅಮೈನೊ ಆಮ್ಲಗಳು. ಸ್ಟಾರ್ಟ್‌ನಿಂದ ಸ್ಟಾಪ್‌ವರೆಗಿನ ಇದೇ ಒಂದು ಪುಟಾಣಿ ಓಆರ್‌ಎಫ್. ಮೂರನೆಯದರಿಂದ ಓದಿದರೆ ಮೊದಲೇ ಟಿಜಿಎ, ಅದೂ ಸ್ಟಾಪ್. ಡಿಎನ್‌ಎಗೆ ಎರಡು ಎಳೆ; ಎದುರಿನ ಎಳೆಯಲ್ಲೂ ಹೀಗೆ ಮೂರು ಫ್ರೇಮ್ ಇರುತ್ತವೆ, ಒಟ್ಟು ಆರು.

ಇನ್ನು ಲೆಕ್ಕ. 64 ಕೋಡಾನ್‌ಗಳಲ್ಲಿ ಸ್ಟಾಪ್ ಮೂರೇ: ಟಿಎಎ, ಟಿಎಜಿ, ಟಿಜಿಎ. ಅಕ್ಷರಗಳನ್ನು ಸುಮ್ನೆ ಚೆಲ್ಲಿದ್ದರೆ ಸರಾಸರಿ 21 ಕೋಡಾನ್‌ಗೊಂದು ಸ್ಟಾಪ್ ಬರಬೇಕು. ಸತತ 100 ಕೋಡಾನ್ ಸ್ಟಾಪ್ ಇಲ್ಲದೆ ಸಾಗುವ ಸಾಧ್ಯತೆ ಶೇ. 1ಕ್ಕಿಂತ ಕಡಿಮೆ. ಹಾಗಾಗಿ ಉದ್ದನೆಯ ಓಆರ್‌ಎಫ್ ಕಂಡರೆ ‘ಇಲ್ಲೊಂದು ಜೀನ್ ಇರಬಹುದು’ ಅನ್ನುತ್ತೇವೆ. ಇದು ಬ್ಯಾಕ್ಟೀರಿಯಾ, ವೈರಸ್‌ಗಳಿಗೆ ಚೆನ್ನಾಗಿ ನಡೆಯುತ್ತದೆ. ಮನುಷ್ಯರ ಜೀನ್‌ಗಳು ಇಂಟ್ರಾನ್‌ಗಳಿಂದ (ನಡುವೆ ಬರುವ, ಪ್ರೋಟೀನ್ ಆಗದ ಭಾಗಗಳು) ತುಂಡಾಗಿರುವುದರಿಂದ ಅಲ್ಲಿ ಇಷ್ಟೇ ಸಾಲದು.

ಒಂದು ಎಚ್ಚರಿಕೆ. ಸ್ಟಾಪ್ ಕೋಡಾನ್‌ಗಳಲ್ಲಿ ಎ, ಟಿ ಜಾಸ್ತಿ. ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಜಿ ಮತ್ತು ಸಿ ಸೇರಿ ಸುಮಾರು ಶೇ. 72 ಇವೆ. ಅಲ್ಲಿ ಇದೇ ಲೆಕ್ಕ ಹಾಕಿದರೆ ಸ್ಟಾಪ್ ಬರುವುದು ಸುಮಾರು 60 ಕೋಡಾನ್‌ಗೊಮ್ಮೆ. ಜೀನ್ ಅಲ್ಲದ ಜಾಗದಲ್ಲೂ ಉದ್ದುದ್ದ ಓಆರ್‌ಎಫ್ ಸಿಗುತ್ತವೆ. ‘100 ಕೋಡಾನ್’ ಅನ್ನುವ ಗೆರೆ ರೂಢಿ ಅಷ್ಟೇ, ನಿಯಮ ಅಲ್ಲ.

ಆ ಗೆರೆ ಏನನ್ನು ನುಂಗಿಹಾಕುತ್ತದೆ ನೋಡಿ. ಫೈ ಎಕ್ಸ್ 174 ಬ್ಯಾಕ್ಟೀರಿಯಾಕ್ಕೆ ತಗಲುವ ಒಂದು ವೈರಸ್. ಪೂರ್ತಿಯಾಗಿ ಓದಲಾದ ಮೊದಲ ಡಿಎನ್‌ಎ ಜೀನೋಮ್ (ಇಡೀ ಡಿಎನ್‌ಎ ಸಾಲು) ಅದರದ್ದೇ. 1977ರಲ್ಲಿ ಕೇಂಬ್ರಿಡ್ಜ್‌ನ ಫ್ರೆಡ್ ಸ್ಯಾಂಗರ್ ತಂಡದ ಕೆಲಸ. ಈಗಿನ ದಾಖಲೆಯಲ್ಲಿ 5,386 ಅಕ್ಷರ. ಅದರ ‘ಡಿ’ ಜೀನ್ 390ರಿಂದ 848ರವರೆಗೆ ಇದೆ. ‘ಇ’ ಜೀನ್ 568ರಿಂದ 843ರವರೆಗೆ. ಅಂದರೆ ಇ ಪೂರ್ತಿ ಡಿಯ ಹೊಟ್ಟೆಯೊಳಗೇ ಇದೆ! 568ರಲ್ಲಿ 390 ಕಳೆದರೆ 178. ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಆ ಒಂದಕ್ಷರ ಸರಿದದ್ದರಿಂದಲೇ ಬೇರೊಂದು ಪ್ರೋಟೀನ್. ಯಮಾತಾ ಹೋಗಿ ಮಾತಾರಾ ಆದ ಹಾಗೇ ಅಲ್ವಾ? ಇ ಪ್ರೋಟೀನಿನ ಉದ್ದ ಬರೀ 91 ಅಮೈನೊ ಆಮ್ಲ, ಆದರೆ ಬ್ಯಾಕ್ಟೀರಿಯಾವನ್ನು ಒಡೆದು ಹೊಸ ವೈರಸ್‌ಗಳನ್ನು ಹೊರಗೆ ಬಿಡುವುದು ಅದೇ. 100ರ ಗೆರೆ ಎಳೆದಿದ್ದರೆ ಅದು ನಮ್ಮ ಪಟ್ಟಿಗೇ ಬರುತ್ತಿರಲಿಲ್ಲ.

ಅಮೆರಿಕದ ಜೀನ್ ಮಾಹಿತಿ ಕೇಂದ್ರ ಎನ್‌ಸಿಬಿಐನ ಓಆರ್‌ಎಫ್ ಫೈಂಡರ್‌ಗೆ ಈ ಜೀನೋಮ್ ಹಾಕಿ. ಕನಿಷ್ಠ ಉದ್ದ ಮೊದಲು 300 ಅಕ್ಷರ ಇಡಿ, ಆಮೇಲೆ 150. ಎರಡನೇ ಸಲ ಇ ಕಾಣಿಸಿಕೊಳ್ಳುತ್ತದೆ. ಆಗ ‘ಎ’ ಜೀನನ್ನೂ ಹುಡುಕಿ. ಈ ಜೀನೋಮ್ ಉಂಗುರದ ಹಾಗೆ ಇರುವುದರಿಂದ ಎ ಜೀನ್ 3981ರಲ್ಲಿ ಶುರುವಾಗಿ, 5386 ದಾಟಿ, ಮತ್ತೆ 1ರಿಂದ 136ರವರೆಗೆ ಹೋಗುತ್ತದೆ. ನೇರ ಸಾಲಿನಂತೆ ಓದಿದರೆ ಅದು ಅಲ್ಲೇ ಎರಡು ತುಂಡು.