ಬ್ಲ್ಯಾಕ್ ಕರಂಟ್: ತಿರುಳಿನ ಗುಣ ಬೇರೆ, ಬೀಜದೆಣ್ಣೆಯ ಗುಣ ಬೇರೆ

‘ಬ್ಲ್ಯಾಕ್ ಕರಂಟ್ ಚರ್ಮಕ್ಕೆ ಒಳ್ಳೆಯದು’ ಎಂದು ಪರೀಕ್ಷೆಯಲ್ಲಿ ಒಂದು ಸಾಲು ಗೀಚಿದರೆ ಅಂಕ ಹುಟ್ಟುವುದಿಲ್ಲ. ಹಣ್ಣಿನ ತಿರುಳಲ್ಲಿ ಇರುವುದು ಒಂದು, ಬೀಜದ ಎಣ್ಣೆಯಲ್ಲಿ ಇರುವುದು ಇನ್ನೊಂದು. ಎರಡನ್ನೂ ಕಲಸಿಬಿಡುವುದರಿಂದಲೇ ಈ ಪಾಠ ಗೋಜಲಾಗುತ್ತದೆ.

ಮೊದಲು ಗಿಡದ ಗುರುತು. ರೈಬೀಸ್ ನೈಗ್ರಮ್ ಎಂಬ ಈ ಪೊದೆ ಉತ್ತರ ಯುರೋಪ್ ಮತ್ತು ಉತ್ತರ ಏಷ್ಯಾದ್ದು. ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಶೀತ ನೂರಾರು ಗಂಟೆ, ಹಲವು ತಳಿಗಳಿಗೆ ಸಾವಿರ ಗಂಟೆಗೂ ಹೆಚ್ಚು ಬೇಕು. ಇಲ್ಲದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಪಕ್ಕದಲ್ಲೇ ಇದ್ದರೂ ಚಿಕ್ಕಮಗಳೂರಿನ ಚಳಿ ಅದಕ್ಕೆ ಸಾಲದು. ಡ್ರೈಫ್ರೂಟ್ಸ್ ಅಂಗಡಿಗಳಲ್ಲಿ ಈ ಹೆಸರಿನಲ್ಲಿ ಕೊಡುವುದು ಹೆಚ್ಚಾಗಿ ಸಣ್ಣ ಕಪ್ಪು ಒಣದ್ರಾಕ್ಷಿ. ಅದರಲ್ಲಿ ಕಬ್ಬಿಣ, ಪೊಟ್ಯಾಶಿಯಂ ಇವೆ ನಿಜ, ಆದರೆ ವಿಟಮಿನ್ ಸಿ ಹೆಸರಿಗಷ್ಟೇ. ಕೆಳಗಿನ ಅಂಕಿಗಳನ್ನು ಆ ಪೊಟ್ಟಣಕ್ಕೆ ಅನ್ವಯಿಸಬೇಡಿ.

100 ಗ್ರಾಂ ತಾಜಾ ಬ್ಲ್ಯಾಕ್ ಕರಂಟ್‌ನಲ್ಲಿ ಸುಮಾರು 180 ಮಿ.ಗ್ರಾಂ. ವಿಟಮಿನ್ ಸಿ, 320 ಮಿ.ಗ್ರಾಂ. ಪೊಟ್ಯಾಶಿಯಂ, 1.5 ಮಿ.ಗ್ರಾಂ. ಕಬ್ಬಿಣ, 63 ಕಿಲೋಕ್ಯಾಲರಿ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ದಿನಕ್ಕೆ ಗಂಡಸರಿಗೆ 80, ಹೆಂಗಸರಿಗೆ 65 ಮಿ.ಗ್ರಾಂ. ವಿಟಮಿನ್ ಸಿ ಬೇಕು. ಐವತ್ತು ಗ್ರಾಂ ಹಣ್ಣು ತಿಂದರೆ ಅದು ಮುಗಿಯಿತು. ಎರಡನೇ ಮಹಾಯುದ್ಧದಲ್ಲಿ ಕಿತ್ತಳೆ ಆಮದು ಕಷ್ಟವಾದಾಗ ಬ್ರಿಟನ್ ತನ್ನ ನೆಲದಲ್ಲೇ ಬೆಳೆಯುವ ಈ ಹಣ್ಣಿನ ಸಿರಪ್ಪನ್ನು ಮಕ್ಕಳಿಗೆ ಉಚಿತವಾಗಿ ಹಂಚಿದ್ದು ಇದೇ ಕಾರಣಕ್ಕೆ.

ಚರ್ಮಕ್ಕೆ ತಿರುಳಿನ ದಾರಿ

ಇದನ್ನು ನಿಧಾನವಾಗಿ ಓದಿ, ಪ್ರಶ್ನೆ ಬರುವುದು ಇಲ್ಲಿಂದಲೇ. ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಮೂರೆಳೆ ಹಗ್ಗದಂತೆ ಹೊಸೆದುಕೊಂಡ ಪ್ರೋಟೀನ್. ಎಳೆಗಳು ಭದ್ರವಾಗಿ ನಿಲ್ಲಬೇಕಾದರೆ ಅವುಗಳಲ್ಲಿರುವ ಪ್ರೋಲೀನ್ ಮತ್ತು ಲೈಸೀನ್ ಎಂಬ ಅಮೈನೋ ಆಮ್ಲಗಳಿಗೆ ಹೈಡ್ರಾಕ್ಸಿಲ್ (OH) ಗುಂಪು ಸೇರಬೇಕು. ಸೇರಿಸುವುದು ಹೈಡ್ರಾಕ್ಸಿಲೇಸ್ ಕಿಣ್ವಗಳು. ಕಿಣ್ವದೊಳಗಿನ ಕಬ್ಬಿಣ ಫೆರಸ್ (Fe²⁺) ರೂಪದಲ್ಲಿದ್ದರೆ ಮಾತ್ರ ಕೆಲಸ ನಡೆಯುತ್ತದೆ. ಅದು ಒಂದು ಎಲೆಕ್ಟ್ರಾನ್ ಕಳೆದುಕೊಂಡು ಫೆರಿಕ್ (Fe³⁺) ಆದಾಗ ಮತ್ತೆ ಫೆರಸ್‌ಗೆ ತರುವುದೇ ವಿಟಮಿನ್ ಸಿ. ಅದು ಇಲ್ಲವಾದರೆ ಮೈಯ ಬಿಸಿಗೇ ಎಳೆಗಳು ಬಿಚ್ಚಿಕೊಳ್ಳುತ್ತವೆ. ವಸಡಲ್ಲಿ ರಕ್ತ, ಕೂದಲ ಬುಡದ ಸುತ್ತ ಕೆಂಪು ಚುಕ್ಕೆ, ಮಾಯದ ಗಾಯ: ವಿಟಮಿನ್ ಸಿ ಕೊರತೆಯ ರೋಗವಾದ ಸ್ಕರ್ವಿಯ ಈ ಲಕ್ಷಣಗಳನ್ನೆಲ್ಲ ಇದೊಂದರಿಂದಲೇ ವಿವರಿಸಬಹುದು, ಪ್ರತ್ಯೇಕವಾಗಿ ಉರು ಹೊಡೆಯಬೇಕಿಲ್ಲ.

ಕೊರತೆ ನೀಗಿದ ಮೇಲೆ ಇನ್ನಷ್ಟು ತಿಂದರೆ ಮುಖ ಇನ್ನಷ್ಟು ಹೊಳೆಯುತ್ತದೆಯೇ? ಇಲ್ಲ. ನೀರಿನಲ್ಲಿ ಕರಗುವ ವಿಟಮಿನ್ ಅದು. ಮಿಕ್ಕಿದ್ದು ಮೂತ್ರದಲ್ಲಿ ಹೋಗುತ್ತದೆ. ಜಾಹೀರಾತಿನವರು ಇದನ್ನು ಹೇಳುವುದಿಲ್ಲ.

ಎಣ್ಣೆಯ ದಾರಿ

ಬೀಜದೆಣ್ಣೆಯ ವಿಶೇಷ ಗಾಮಾ ಲಿನೋಲೆನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ, ಸುಮಾರು ಶೇ. 15. ನಾವು ತಿನ್ನುವ ಲಿನೋಲಿಯಿಕ್ ಆಮ್ಲದಿಂದ ದೇಹವೇ ಇದನ್ನು ತಯಾರಿಸಿಕೊಳ್ಳುತ್ತದೆ, ಆದರೆ ಡೆಲ್ಟಾ-6 ಡೀಸ್ಯಾಚುರೇಸ್ ಕಿಣ್ವದ ಆ ಹಂತ ಬಲು ನಿಧಾನ. ಎಣ್ಣೆಯನ್ನು ಸೇವಿಸಿದರೆ ಆ ಹಂತ ದಾಟಿಬಿಟ್ಟಂತೆ. ಮುಂದೆ ಅದು ಉರಿಯೂತ ತಗ್ಗಿಸುವ ಪ್ರೋಸ್ಟಗ್ಲಾಂಡಿನ್ ಇ1 ಆಗಬಲ್ಲದು. ಒಣಚರ್ಮ, ಎಕ್ಸಿಮಾಕ್ಕೆ (ತುರಿಕೆಯ ಚರ್ಮದ ಉರಿಯೂತ) ಇದನ್ನು ಹೇಳುವುದು ಈ ತರ್ಕದ ಮೇಲೆ.

ತರ್ಕ ಚೆನ್ನಾಗಿದೆ, ಪುರಾವೆ ಅಷ್ಟು ಗಟ್ಟಿಯಿಲ್ಲ. 2010ರಲ್ಲಿ ಪ್ರಕಟವಾದ ಫಿನ್‌ಲೆಂಡ್‌ನ ಅಧ್ಯಯನದಲ್ಲಿ ಒಂದು ಗುಂಪಿನ ಗರ್ಭಿಣಿಯರಿಗೆ ಈ ಎಣ್ಣೆ, ಇನ್ನೊಂದಕ್ಕೆ ಆಲಿವ್ ಎಣ್ಣೆ ಕೊಟ್ಟರು. ಒಂದು ವರ್ಷದ ಹೊತ್ತಿಗೆ ಮೊದಲ ಗುಂಪಿನ ಮಕ್ಕಳಲ್ಲಿ ಎಕ್ಸಿಮಾ ಕಡಿಮೆ ಇತ್ತು. ಎರಡು ವರ್ಷಕ್ಕೆ ವ್ಯತ್ಯಾಸ ಉಳಿಯಲಿಲ್ಲ. ಉತ್ತರ ಬರೆಯುವಾಗ ಎರಡನೇ ಭಾಗವನ್ನೂ ಬರೆಯಿರಿ.

ಬಣ್ಣ

ಹಣ್ಣಿನ ಆ ಕಡುನೇರಳೆಗೆ ಕಾರಣ ಆಂಥೋಸಯಾನಿನ್‌ಗಳೆಂಬ ವರ್ಣದ್ರವ್ಯಗಳು. ಮುಖ್ಯವಾದವು ನಾಲ್ಕು: ಡೆಲ್ಫಿನಿಡಿನ್ ಮತ್ತು ಸಯಾನಿಡಿನ್‌ನ ರುಟಿನೋಸೈಡ್, ಗ್ಲೂಕೋಸೈಡ್‌ಗಳು. ಪ್ರನಾಳದಲ್ಲಿ ಪ್ರಬಲ ಉತ್ಕರ್ಷಣ ನಿರೋಧಕಗಳು; ಹೊಟ್ಟೆಗೆ ಹೋದಮೇಲೆ ಹಾಗೆಯೇ ರಕ್ತ ಸೇರುವ ಪಾಲು ಅತ್ಯಲ್ಪ. ಇವನ್ನು ನಂಬಿ ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಬಿಡುವಂತಿಲ್ಲ.

ನಮ್ಮೂರಿನ ಉದಾಹರಣೆ ಕೇಳಿದರೆ ತಡವರಿಸಬೇಕಿಲ್ಲ. ವಿಟಮಿನ್ ಸಿಗೆ ಸೀಬೆ, ಬೆಟ್ಟದ ನೆಲ್ಲಿ. ಸೀಬೆಯ 100 ಗ್ರಾಂನಲ್ಲೇ 200 ಮಿ.ಗ್ರಾಂ. ದಾಟುತ್ತದೆ. ಬಣ್ಣಕ್ಕೆ ನೇರಳೆ ಹಣ್ಣು. ಅದರಲ್ಲೂ ಡೆಲ್ಫಿನಿಡಿನ್ ಇದೆ, ಜೊತೆಗೆ ಪೆಟುನಿಡಿನ್, ಮಾಲ್ವಿಡಿನ್. ಎಣ್ಣೆಗೆ ಮಾತ್ರ ಇಲ್ಲಿ ಸಮಾನವಾದದ್ದು ಸುಲಭಕ್ಕೆ ಹೇಳಲಾಗದು.

ಪ್ರಾಯೋಗಿಕಕ್ಕೂ ನೇರಳೆ ಸಾಕು. ರಸವನ್ನು ನೀರಿಗೆ ಬೆರೆಸಿ ಮೂರು ಪ್ರನಾಳಕ್ಕೆ ಹಾಕಿ. ಒಂದಕ್ಕೆ ನಿಂಬೆರಸ ಹಿಂಡಿದರೆ ಕೆಂಪೇರುತ್ತದೆ, ಇನ್ನೊಂದಕ್ಕೆ ಅಡುಗೆ ಸೋಡಾ ಹಾಕಿದರೆ ನೀಲಿ-ಹಸಿರಿನತ್ತ ತಿರುಗುತ್ತದೆ. ಮೂರನೆಯದನ್ನು ಹೋಲಿಕೆಗೆ ಹಾಗೇ ಬಿಡಿ.