ಟಿಪ್ಪರ್ ಹೋದಾಗ ಸೇತುವೆ ಯಾಕೆ ನಡುಗುತ್ತದೆ?

ಸೇತುವೆ ಮೇಲೆ ಬೈಕ್ ನಿಲ್ಲಿಸಿಕೊಂಡು ಫೋನಲ್ಲಿ ಮಾತಾಡಿದವರಿಗೆಲ್ಲ ಇದು ಗೊತ್ತು. ಜಲ್ಲಿ ತುಂಬಿದ ಟಿಪ್ಪರ್ ಪಕ್ಕದಲ್ಲಿ ಹಾದುಹೋದರೆ ಕಾಲ ಕೆಳಗೆ ನೆಲ ಜುಮ್ಮೆನ್ನುತ್ತದೆ. ಚಿಕ್ಕಬಳ್ಳಾಪುರದ ಸುತ್ತ ಕ್ರಷರ್‌ಗಳಿಗೆ ಬರವಿಲ್ಲ, ಟಿಪ್ಪರ್‌ಗಳಿಗಂತೂ ಇಲ್ಲವೇ ಇಲ್ಲ. ಹಾಗಾಗಿ ಸೇತುವೆ ಪರೀಕ್ಷೆಗೆ ಹೋದಲ್ಲೆಲ್ಲ ನನಗೆ ಒಂದೇ ಪ್ರಶ್ನೆ: ‘ಸಾರ್, ಇಷ್ಟು ಅಲ್ಲಾಡುತ್ತಲ್ಲ, ಬೀಳಲ್ವಾ?’

ಅಲ್ಲಾಡುವುದೇ ಕಾಯಿಲೆಯಲ್ಲ. ಭಾರ ಬಿದ್ದರೆ ಸೇತುವೆ ಬಾಗಬೇಕು, ಭಾರ ಇಳಿದರೆ ವಾಪಸ್ ಬರಬೇಕು. ಬಂದಮೇಲೂ ಸ್ವಲ್ಪ ಹೊತ್ತು ಮೇಲೆ ಕೆಳಗೆ ಆಡಿ ಸುಮ್ಮನಾಗುತ್ತದೆ. ಸೆಕೆಂಡಿಗೆ ಎಷ್ಟು ಸಲ ಆಡುತ್ತದೆ ಎಂಬುದು ಒಂದೊಂದು ಸೇತುವೆಗೂ ಬೇರೆ. ಸ್ವಿಟ್ಜರ್ಲೆಂಡ್‌ನಲ್ಲಿ ಇನ್ನೂರಕ್ಕೂ ಹೆಚ್ಚು ರಸ್ತೆ ಸೇತುವೆಗಳನ್ನು ಅಳೆದ ಮೇಲೆ ಹುಟ್ಟಿದ ಒಂದು ಒರಟು ಲೆಕ್ಕವಿದೆ. ಎರಡು ಕಂಬಗಳ ನಡುವೆ ಎಷ್ಟು ಮೀಟರ್ ಇದೆಯೋ ಅದರಿಂದ 100ನ್ನು ಭಾಗಿಸಿ. 25 ಮೀಟರ್ ಇದ್ದರೆ ಸೆಕೆಂಡಿಗೆ 4–5 ಸಲ.

ಸ್ಪ್ರಿಂಗ್ ಪಟ್ಟಿಗಳ ಮೇಲೆ ಕೂತ ಲಾರಿಯ ಬಾಡಿಯೂ ಸೆಕೆಂಡಿಗೆ ಹೆಚ್ಚುಕಡಿಮೆ 2ರಿಂದ 4 ಸಲ ಕುಣಿಯುತ್ತದೆ. ಎರಡು ಲೆಕ್ಕವೂ ಹತ್ತಿರ ಬಂದರೆ ನಡುಕ ಬೆಳೆಯುತ್ತದೆ. ಸರಿ, ಲಾರಿಯನ್ನು ಕುಣಿಸುವವರು ಯಾರು? ಸೇತುವೆಗಿಂತ ಮುಂಚಿನ ರಸ್ತೆ. ಅಲ್ಲಿ ಮಣ್ಣು ತುಂಬಿ ಏರಿಸಿರುತ್ತಾರೆ. ವರ್ಷಗಳು ಕಳೆದಂತೆ ಮಣ್ಣು ಕೂರುತ್ತದೆ, ಕಂಬದ ಮೇಲಿನ ಸೇತುವೆ ಕೂರುವುದಿಲ್ಲ. ರಸ್ತೆಯೂ ಸೇತುವೆಯೂ ಸೇರುವ ಜಾಯಿಂಟಿನ ಹತ್ತಿರ ಎರಡು ಬೆರಳ ದಪ್ಪದ ಮೆಟ್ಟಿಲು ಎದ್ದು ನಿಲ್ಲುತ್ತದೆ. ಅಲ್ಲಿಗೆ ತೇಪೆ ಹಾಕಿ ಟಾರು ಸುರಿದರೆ ಇನ್ನೊಂದು ಉಬ್ಬು. ಚಕ್ರ ಅಲ್ಲಿ ಎಗರಿ, ಗರ್ಡರ್ (ಸೇತುವೆಯನ್ನು ಹೊರುವ ತೊಲೆ) ಮೇಲೆ ಗುದ್ದಿಕೊಂಡು ಬೀಳುತ್ತದೆ. ಜನ ಬೈಯುವುದು ಮಾತ್ರ ಸೇತುವೆಗೆ!

ಈ ಗುದ್ದಿಗೆ ಡಿಸೈನ್‌ನಲ್ಲೇ ಜಾಗ ಬಿಟ್ಟಿರುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 6 ನಿಯಮದಲ್ಲಿ ಕ್ಲಾಸ್ ಎ ವಾಹನಗಳಿಗೆ (ಡಿಸೈನ್ ಲೆಕ್ಕಕ್ಕೆ ಇಟ್ಟುಕೊಳ್ಳುವ ಒಂದು ಮಾದರಿ ಭಾರ), ಕಾಂಕ್ರೀಟ್ ಸೇತುವೆಯಾದರೆ, 4.5ನ್ನು ‘6 ಕೂಡಿಸು ಕಂಬಗಳ ನಡುವಿನ ಉದ್ದ’ದಿಂದ ಭಾಗಿಸಿ, ಬಂದಷ್ಟು ಪಾಲನ್ನು ಭಾರಕ್ಕೆ ಸೇರಿಸಬೇಕು. 6 ಮೀಟರಿನ ಸಣ್ಣ ಸೇತುವೆಗೆ ಭಾರದ ಮೇಲೆ ಶೇ 37.5 ಜಾಸ್ತಿ. 30 ಮೀಟರಿಗೆ ಶೇ 12.5 ಮಾತ್ರ. ಅಂದರೆ ಹೆದ್ದಾರಿಯ ದೊಡ್ಡ ಸೇತುವೆಗಿಂತ ಹಳ್ಳಿ ರಸ್ತೆಯ ಪುಟ್ಟ ಮೋರಿಗೆ ಗುದ್ದಿನ ಪಾಲು ಹೆಚ್ಚು.

ಇನ್ನೊಂದು ವಿಚಿತ್ರ ಇದೆ. ಧಡಧಡ ಸದ್ದು ಮಾಡುವುದು ಹೆಚ್ಚಾಗಿ ಖಾಲಿ ಟಿಪ್ಪರ್. ಹಗುರವಾದ್ದರಿಂದ ಎಗರಾಟ ಜಾಸ್ತಿ. ತುಂಬಿದ್ದು ಮೆತ್ತಗೆ ಸಾಗುತ್ತದೆ, ಆದರೆ ಗರ್ಡರನ್ನು ನಿಜವಾಗಿ ಬಾಗಿಸುವುದು ಅದೇ. ತುಂಬಿದ ಲಾರಿಗಳು ಜಾಮ್‌ನಲ್ಲಿ ಸಾಲಾಗಿ ನಿಂತರೆ ನಡುಕವೇ ಇರುವುದಿಲ್ಲ, ಭಾರ ಮಾತ್ರ ಪೂರ್ತಿ. (ನಂದಿ ಬೆಟ್ಟದ ಭಾನುವಾರದ ಕಾರುಗಳಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.)

ನಮ್ಮ ಕೆಲಸ ಕಷ್ಟವಾಗುವುದೂ ಇಲ್ಲೇ. ಗರ್ಡರ್ ತಳಕ್ಕೆ ಅಂಗೈಯಲ್ಲಿ ಹಿಡಿಯುವಷ್ಟು ಸೆನ್ಸರ್ ಅಂಟಿಸುತ್ತೇವೆ. ಗೌರಿಬಿದನೂರಿನಲ್ಲಿ 1965ರಿಂದ ದೂರದೂರದ ಭೂಕಂಪ ದಾಖಲಿಸುತ್ತಿರುವ ಭಾಭಾ ಅಣು ಸಂಶೋಧನಾ ಕೇಂದ್ರದ ಯಂತ್ರಗಳಿಗೆ ಇದು ದೂರದ ನೆಂಟ. ಸೇತುವೆ ಬಿರುಕು ಬಿಟ್ಟು ಸಡಿಲವಾದರೆ ಅದು ನಿಧಾನವಾಗಿ ಆಡುತ್ತದೆ. ಆದರೆ ಲಾರಿಯ ತೂಕ ಸೇರಿಕೊಂಡರೂ ನಿಧಾನವಾಗಬಹುದು. ಆಡುವ ತೂಕ ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ಸೇತುವೆ ಆಡುವ ವೇಗ ಇಪ್ಪತ್ತರಲ್ಲಿ ಒಂದು ಪಾಲು ಇಳಿಯುತ್ತದೆ. ಏಪ್ರಿಲ್ ಬಿಸಿಲೂ ಅಂಕಿಯನ್ನು ಸ್ವಲ್ಪ ಜಗ್ಗುತ್ತದೆ. ಮಧ್ಯಾಹ್ನದ ಟ್ರಾಫಿಕ್‌ನಲ್ಲಿ ಅಳೆದದ್ದನ್ನು ನಡುರಾತ್ರಿ ಅಳೆದದ್ದರ ಪಕ್ಕ ಇಟ್ಟು ‘ಸೇತುವೆ ಕೆಟ್ಟಿದೆ’ ಅಂದರೆ ಅದು ಸುಮ್ನೆ ಗಾಬರಿ. ಲಾರಿ ಸೇತುವೆ ದಾಟಿ ಹೋದ ಮೇಲಿನ ಒಂದೆರಡು ಸೆಕೆಂಡಿನ ಅಲೆಯೇ ನಮಗೆ ಬೇಕಾದದ್ದು. ಆಗ ಸೇತುವೆ ಒಂಟಿಯಾಗಿ ಆಡುತ್ತಿರುತ್ತದೆ. ಮುಂದಿನ ವರ್ಷ ಅದೇ ತಿಂಗಳು ಮತ್ತೆ ಅಳೆದು ಹೋಲಿಸುತ್ತೇವೆ.

ಪಂಚಾಯ್ತಿಗೋ ಇಲಾಖೆಗೋ ದೂರು ಕೊಡುವಾಗ ಬರೀ ‘ಸೇತುವೆ ನಡುಗುತ್ತದೆ’ ಅಂತ ಬರೆಯಬೇಡಿ. ಯಾವ ಕಡೆಯ ಜಾಯಿಂಟಲ್ಲಿ ಮೆಟ್ಟಿಲಿದೆ, ಸದ್ದು ಮೊದಲಿಂದಲೂ ಇತ್ತಾ ಈಚೆಗೆ ಶುರುವಾಯಿತಾ, ಗರ್ಡರ್ ಕೂತ ಬೇರಿಂಗ್ ಹತ್ತಿರ ಕಾಂಕ್ರೀಟ್ ಉದುರಿದೆಯಾ ಅಂತ ಬರೆದು, ಫೋಟೋ ಲಗತ್ತಿಸಿ. ಎಂಜಿನಿಯರ್ ಮೊದಲು ನೋಡಬೇಕಾದ ಜಾಗ ಅವೇ.