ಕಡಿದ ತಂತಿಯ ಸದ್ದು ಕಾಗದದ ಮೇಲೆ ಕೇಳಿಸುತ್ತದಾ?

ಹೈಸ್ಕೂಲಿನ ಉತ್ಸವ. ಸಭಾಂಗಣ ತುಂಬಿದೆ. ವೇದಿಕೆ ಮೇಲೆ ನಾಲ್ಕು ಹುಡುಗಿಯರ ಬ್ಯಾಂಡು, ಎರಡನೇ ಹಾಡು ನಡೀತಿದೆ. ಗಿಟಾರಿನ ಸೋಲೊ, ಅಂದರೆ ಗಿಟಾರೊಂದೇ ಮುಂದೆ ನಿಂತು ನುಡಿಯುವ ಭಾಗ, ಇನ್ನೇನು ಬರಬೇಕು, ಅಷ್ಟರಲ್ಲಿ ಮೊದಲನೇ ತಂತಿ ಟಪ್ ಅಂತ ಕಡಿಯುತ್ತದೆ. ಎರಡನೆಯದರ ಶ್ರುತಿಯೂ ಹೋಗಿದೆ. ಬಿರಡೆ ತಿರುಗಿಸಿದರೆ ಹಿಡಿಯುತ್ತಿಲ್ಲ. ಹುಡುಗಿ ಬೆವರುತ್ತಾಳೆ. ಕಾಲಬುಡದಲ್ಲಿ ಒಂದು ಖಾಲಿ ಗಾಜಿನ ಲೋಟ ಬಿದ್ದಿದೆ. ಮುಂದಿನ ಸಾಲಿನಲ್ಲಿ ಕುಡಿದು ತೂರಾಡುತ್ತಿದ್ದ ಅಕ್ಕ ಒಬ್ಬಳ 'ಸಾಕೆ' (ಜಪಾನಿನ ಅಕ್ಕಿ ಮದ್ಯ) ಲೋಟ ಅದು. ಹುಡುಗಿ ಅದನ್ನೇ ಎತ್ತಿಕೊಂಡು ತಂತಿಗಳ ಮೇಲೆ ಜಾರಿಸಿ ಸೋಲೊ ನುಡಿಸಿಬಿಡುತ್ತಾಳೆ.

ಇದು 'ಬೊಚ್ಚಿ ದ ರಾಕ್' ಅನಿಮೆಯ (ಜಪಾನಿ ಕಾರ್ಟೂನ್ ಸರಣಿ) 12ನೇ ಕಂತು, ಅಂದರೆ ಮೊದಲ ಸೀಸನ್ನಿನ ಕೊನೆಯದು. 2022ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಜಪಾನಿನ ಟೀವಿಯಲ್ಲಿ ಬಂತು. ತಯಾರಿಸಿದ್ದು ಕ್ಲೋವರ್‌ವರ್ಕ್ಸ್ ಸ್ಟುಡಿಯೊ, ನಿರ್ದೇಶಕ ಕೇಯಿಚಿರೊ ಸಾಯಿತೊ. ಮೂಲ ಮಂಗಾ (ಜಪಾನಿ ಚಿತ್ರಕಥೆ ಪುಸ್ತಕ) ಅಕಿ ಹಮಾಜಿ ಅವರದು. ನಾನು ಅನಿಮೆ ಮೊದಲು ನೋಡಿ ಮಂಗಾ ಆಮೇಲೆ ಓದಿದವನು. ತಂತಿ ಕಡಿಯುವ ಪುಟ ಬಂದಾಗ ಬೆರಳು ಅಲ್ಲೇ ನಿಂತಿತು. ಕಥೆ ಅದೇ. ತಂತಿ, ಲೋಟ, ಬೆವರು ಎಲ್ಲಾ ಇದೆ. ಆದರೆ ಅನಿಮೆ ನೋಡದೆ ನೇರವಾಗಿ ಈ ಪುಟಕ್ಕೆ ಬಂದಿದ್ದರೆ ನನಗೆ ಎಷ್ಟು ಅರ್ಥವಾಗುತ್ತಿತ್ತು? ಲೋಟ ಯಾಕೆ ಅಂತ ಗೊತ್ತಾಗುತ್ತಿತ್ತಾ?

ಲೋಟದ ವಿಷಯ ಸ್ವಲ್ಪ ನೋಡೋಣ. ತಂತಿಯ ಸ್ವರ ಮೂರು ಸಂಗತಿಗಳ ಮೇಲೆ ನಿಂತಿದೆ: ಉದ್ದ, ತೂಕ, ಬಿಗಿತ. ಗಿಟಾರಿನ ಎರಡನೇ ತಂತಿ ಸರಿಯಾದ ಶ್ರುತಿಯಲ್ಲಿದ್ದರೆ ಸೆಕೆಂಡಿಗೆ ಸುಮಾರು 247 ಸಲ ಕಂಪಿಸುತ್ತದೆ. ಬಿಗಿತ ಶೇಕಡಾ 11ರಷ್ಟು ಇಳಿದರೆ ಸಾಕು, ಸ್ವರ ಅರ್ಧ ಸ್ವರದಷ್ಟು (ಸೆಮಿಟೋನ್) ಕೆಳಗೆ ಜಾರುತ್ತದೆ. ಗಿಟಾರಿಗೂ ವೀಣೆಯ ಹಾಗೆ ಮೆಟ್ಟಿಲುಗಳಿವೆ. ಬೆರಳು ಒತ್ತಿದರೆ ತಂತಿಯ ಉದ್ದ ಆ ಮೆಟ್ಟಿಲಿಗೆ ಕಟ್ಟುಬೀಳುತ್ತದೆ. ತಂತಿ ಮೊದಲೇ ಅಪಶ್ರುತಿಯಾಗಿದ್ದರೆ ಯಾವ ಮೆಟ್ಟಿಲು ಒತ್ತಿದರೂ ಅಪಸ್ವರವೇ. ಲೋಟ ಹಿಡಿದರೆ ಆ ಕಟ್ಟು ಇಲ್ಲ. ಗಾಜು ಮೆಟ್ಟಿಲಿಗೆ ಒತ್ತದೆ ತಂತಿಯ ಮೇಲೆ ತೇಲುತ್ತದೆ. ಸ್ವರ ಎಲ್ಲಿದೆ ಅಂತ ಕಿವಿ ಹೇಳುತ್ತದೋ ಅಲ್ಲಿಗೆ ಜಾರಿಸಬಹುದು. ಗೋಟುವಾದ್ಯ ನುಡಿಸುವವರು ಮರದ ತುಂಡು ಜಾರಿಸುವುದನ್ನು ನೋಡಿದ್ದರೆ ತಟ್ಟನೆ ಗೊತ್ತಾಗುತ್ತದೆ. ಅಂದರೆ ಆ ಹುಡುಗಿ, ಬೊಚ್ಚಿ, ಮಾಡಿದ್ದು ಸರ್ಕಸ್ಸಲ್ಲ. ಕೆಟ್ಟುಹೋದ ವಾದ್ಯದಿಂದ ಸರಿಯಾದ ಸ್ವರ ತೆಗೆಯಲು ಆ ಕ್ಷಣದಲ್ಲಿ ಇದ್ದ ಒಳ್ಳೆಯ ದಾರಿ ಅದೇ. ಅನಿಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಸ್ವರ ಜಾರುತ್ತಾ ಬಂದು ಸರಿಯಾದ ಜಾಗದಲ್ಲಿ ಕೂರುವುದು ಕಿವಿಗೇ ಕೇಳಿಸುತ್ತದೆ.

ಮಂಗಾವನ್ನು ಅನಿಮೆ ಮಾಡುವುದು ಅಂದರೆ ಚಿತ್ರಕ್ಕೆ ಬಣ್ಣ ತುಂಬಿ, ಅಲುಗಾಡಿಸಿ, ದನಿ ಸೇರಿಸುವುದು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅಷ್ಟೇ ಆಗಿದ್ದರೆ ಎಲ್ಲ ಅನಿಮೆಗಳೂ ಮೂಲಕ್ಕಿಂತ ಚೆನ್ನಾಗಿರಬೇಕಿತ್ತು. ಹಾಗಿಲ್ಲ. ಕಾಗದದ ಕೈಲಿ ಏನು ಆಗುವುದಿಲ್ಲ ಅನ್ನುವುದನ್ನು ಹುಡುಕಿ, ಆ ಜಾಗಕ್ಕೇ ಕೈ ಹಾಕಿದಾಗ ಮಾತ್ರ ಅನಿಮೆ ಮೂಲಕ್ಕಿಂತ ಮೇಲೆ ಹೋಗುತ್ತದೆ ಅನ್ನುವುದು ನನ್ನ ಲೆಕ್ಕ.

ಬೊಚ್ಚಿಯ ಕಥೆಯ ತಿರುಳು ನೋಡಿ. ನಿಜ ಹೆಸರು ಗೋತೊ ಹಿತೋರಿ. ಹಿತೋರಿಬೊಚ್ಚಿ ಅಂದರೆ ಜಪಾನಿ ಭಾಷೆಯಲ್ಲಿ ಒಂಟಿ. ಜನ ಕಂಡರೆ ನಡುಗುವ ಹುಡುಗಿ. ಮನೆಯ ಕೋಣೆಯಲ್ಲಿ ಮೂರು ವರ್ಷ ಒಬ್ಬಳೇ ಕೂತು ಗಿಟಾರ್ ಕಲಿತಿದ್ದಾಳೆ. ಮುಖ ತೋರಿಸದೆ ವಿಡಿಯೊ ಹಾಕುತ್ತಾಳೆ, ಕೇಳುವವರು ತಲೆದೂಗುತ್ತಾರೆ. ಅದೇ ಹುಡುಗಿ ಬ್ಯಾಂಡಿನ ಜೊತೆ ಕೂತರೆ ಕೆಟ್ಟದಾಗಿ ನುಡಿಸುತ್ತಾಳೆ. ಮೊದಲ ಸಲ ವೇದಿಕೆ ಹತ್ತಿದಾಗ ನಾಚಿಕೆಗೆ 'ಹಣ್ಣಾದ ಮಾವು' ಅಂತ ಬರೆದಿದ್ದ ರಟ್ಟಿನ ಪೆಟ್ಟಿಗೆಯೊಳಗೆ ಕೂತೇ ನುಡಿಸಿದಳು!

ಒಬ್ಬಳೇ ಇದ್ದಾಗ ಬರುವುದು ನಾಲ್ವರ ನಡುವೆ ಯಾಕೆ ಬರುವುದಿಲ್ಲ? ಬರೀ ಭಯ ಅಂದುಬಿಟ್ಟರೆ ಅರ್ಧ ಉತ್ತರ. ರೆಕಾರ್ಡ್ ಆದ ಹಾಡಿನ ಜೊತೆ ನುಡಿಸುವಾಗ ಹೊಂದಿಕೊಳ್ಳಬೇಕಾದವರು ನೀವು ಮಾತ್ರ. ನೀವು ತಪ್ಪಿದರೂ ಹಾಡು ತನ್ನ ಪಾಡಿಗೆ ಹೋಗುತ್ತದೆ. ಜನರ ಜೊತೆ ಹಾಗಲ್ಲ. ನೀವು ಚೂರು ಮುಂದೆ ಓಡಿದರೆ ಡ್ರಮ್ಮಿನವರು ನಿಮ್ಮನ್ನು ಹಿಡಿಯಲು ಬರುತ್ತಾರೆ. ಅಷ್ಟರಲ್ಲಿ ನೀವು ಅವರಿಗಾಗಿ ನಿಧಾನಿಸಿರುತ್ತೀರಿ. ಇಬ್ಬರನ್ನು ಕೂರಿಸಿ ಒಟ್ಟಿಗೆ ತಾಳ ಕುಟ್ಟಿಸಿದ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ: ಒಬ್ಬರು ಮುಂದಾಳು, ಇನ್ನೊಬ್ಬರು ಹಿಂಬಾಲಕ ಅಂತ ಇರುವುದಿಲ್ಲ. ಪ್ರತಿ ಪೆಟ್ಟಿಗೂ ಇಬ್ಬರೂ ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತಿರುತ್ತಾರೆ. ಅದಕ್ಕೆ ಕಿವಿಯ ಜೊತೆ ಕಣ್ಣೂ ನೆರವಾಗುತ್ತದೆ. ಬೊಚ್ಚಿ ತಲೆಯನ್ನೇ ಎತ್ತುವುದಿಲ್ಲ!

ಈ ಹೊಂದದಿರುವಿಕೆಯನ್ನು ಮಂಗಾದಲ್ಲಿ ಹೇಗೆ ತೋರಿಸುತ್ತೀರಿ? ಯಾರಾದರೂ 'ಯಾಕೋ ಸರಿ ಕೂರುತ್ತಿಲ್ಲ' ಅಂತ ಹೇಳಬೇಕು. ಇಲ್ಲಾ ಕೇಳುಗರ ಮುಖ ಸಪ್ಪೆ ಮಾಡಬೇಕು. ಬೇರೆ ದಾರಿ ಇಲ್ಲ.

ಅನಿಮೆ ಎಂಟನೇ ಕಂತಿನಲ್ಲಿ ಏನು ಮಾಡಿತು ಗೊತ್ತಾ? ಹಾಡನ್ನು ಬೇಕಂತಲೇ ಕೆಟ್ಟದಾಗಿ ನುಡಿಸಿತು. ಹೊರಗೆ ಚಂಡಮಾರುತ. ಟಿಕೆಟ್ ಕೊಂಡ ಗೆಳೆಯರಲ್ಲೇ ಎಷ್ಟೋ ಜನ ಬಂದಿಲ್ಲ. ಲೈವ್‌ಹೌಸ್‌ನಲ್ಲಿ (ಬ್ಯಾಂಡುಗಳು ನುಡಿಸುವ ಪುಟ್ಟ ಸಭಾಂಗಣ) ಅಲ್ಲೊಬ್ಬರು ಇಲ್ಲೊಬ್ಬರು. ಇವರ ಬ್ಯಾಂಡಿನ ಹೆಸರು ಕೇಳದವರು ಎದುರಿಗೇ ಗೊಣಗುತ್ತಿದ್ದಾರೆ. ಹಾಡು ಶುರುವಾಗುತ್ತದೆ. ಡ್ರಮ್ಮು ಒಂಚೂರು ಎಳೆಯುತ್ತದೆ. ಗಿಟಾರು ಒಂಚೂರು ಬಿಡಿಬಿಡಿಯಾಗಿ ಬೀಳುತ್ತದೆ. ಪೂರ್ತಿ ಹದಗೆಟ್ಟ ಹಾಗೂ ಅಲ್ಲ, ಅದೇ ಜಾಣತನ. ಅನಿಮೆಯ ಹಾಡುಗಳ ಆಲ್ಬಮ್ಮಿನಲ್ಲಿ ಅದೇ ಹಾಡು ಬಿಗಿಯಾಗಿದೆ. ಎರಡನ್ನೂ ಒಂದಾದ ಮೇಲೊಂದು ಹೆಡ್‌ಫೋನಿನಲ್ಲಿ ಕೇಳಿ ನೋಡಿ.

ಇಷ್ಟು ಸಣ್ಣ ಎಳೆತ ನಮಗೆ ಗೊತ್ತಾಗುತ್ತದಾ ಅಂದರೆ, ಗೊತ್ತಾಗುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಪೆಟ್ಟಿನಿಂದ ಪೆಟ್ಟಿಗೆ 500 ಮಿಲಿಸೆಕೆಂಡು. ಅದರಲ್ಲಿ 30-40 ಮಿಲಿಸೆಕೆಂಡು ಹೆಚ್ಚುಕಡಿಮೆಯಾದರೆ ಸಂಗೀತ ಕಲಿಯದವರಿಗೂ ಏನೋ ಸರಿಯಿಲ್ಲ ಅನಿಸುತ್ತದೆ. ಏನು ಅಂತ ಹೇಳಲು ಬರುವುದಿಲ್ಲ, ಅಷ್ಟೇ. ಆ ಹೊತ್ತಿಗೆ ಪ್ರೇಕ್ಷಕನ ಹೊಟ್ಟೆಯೊಳಗೂ ಸಣ್ಣ ಸಂಕಟ. ಆಗ ಬೊಚ್ಚಿ ಯಾರಿಗೂ ಹೇಳದೆ ಒಬ್ಬಳೇ ಗಿಟಾರ್ ಬಾರಿಸತೊಡಗುತ್ತಾಳೆ. ಉಳಿದ ಮೂವರೂ ಬೆಚ್ಚಿ ಅವಳತ್ತ ನೋಡುತ್ತಾರೆ. ಎರಡನೇ ಹಾಡು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಮೊದಲ ಹಾಡು ಕೆಟ್ಟಿದ್ದರಿಂದಲೇ ಎರಡನೆಯದಕ್ಕೆ ಆ ತೂಕ ಬಂತು. ಈ ಎರಡು ಹಾಡುಗಳ ಅಂತರದಲ್ಲೇ ಇಡೀ ಅನಿಮೆಯ ಬೆಲೆ ಇದೆ ಅನ್ನುತ್ತೇನೆ ನಾನು.

ಇನ್ನು ಸಮಯದ ಮಾತು. ಮೂಲ ಮಂಗಾ ನಾಲ್ಕು ಚೌಕದ ಪಟ್ಟಿಯದು. ಜಪಾನಿನಲ್ಲಿ ಯೊನ್‌ಕೊಮಾ ಅನ್ನುತ್ತಾರೆ. ಮೇಲಿಂದ ಕೆಳಗೆ ನಾಲ್ಕು ಚೌಕ: ಶುರು, ಮುಂದುವರಿಕೆ, ತಿರುವು, ಮುಗಿತಾಯ. ನಾಲ್ಕನೆಯದರಲ್ಲಿ ನಗು. ಮತ್ತೆ ಹೊಸ ನಾಲ್ಕು. ಓದಲು ಬಲು ಮಜಾ. ಆದರೆ ನಗು ಬರುವುದಕ್ಕೆ ಮೊದಲೇ ಕಣ್ಣು ಮೋಸ ಮಾಡುತ್ತದೆ. ನಮ್ಮ ಕಣ್ಣು ಪುಟದ ಮೇಲೆ ನೀರಿನ ಹಾಗೆ ಹರಿಯುವುದಿಲ್ಲ. ಸೆಕೆಂಡಿಗೆ ಮೂರು ನಾಲ್ಕು ಸಲ ಮಿಡತೆಯ ಹಾಗೆ ಜಿಗಿಯುತ್ತದೆ. ಜಿಗಿಯುವಾಗ ಮಿದುಳು ನೋಟವನ್ನು ಮಂಕು ಮಾಡುತ್ತದೆ. ನಂಬಿಕೆ ಬರದಿದ್ದರೆ ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣು ನೋಡಿ, ಆಮೇಲೆ ಬಲಗಣ್ಣು. ಕಣ್ಣು ಅಲುಗಿದ್ದು ನಿಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. (ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ಮಾಡಬೇಡಿ. ಅದು ತುಸು ತಡವಾಗಿ ತೋರಿಸುವುದರಿಂದ ಗುಟ್ಟು ರಟ್ಟಾಗುತ್ತದೆ.)

ಹೀಗೆ ಜಿಗಿಯುವ ಕಣ್ಣಿಗೆ ಮೂರನೇ ಚೌಕ ಓದುವಾಗ ನಾಲ್ಕನೆಯದು ಅಂಚಿನಲ್ಲಿ ಕಂಡೇ ಕಾಣುತ್ತದೆ. ಬೊಚ್ಚಿ ಕರಗಿ ನೆಲದ ಮೇಲೆ ಹರಡಿದ್ದು ಮೊದಲೇ ಗೊತ್ತಾಗಿಬಿಡುತ್ತದೆ. ಅನಿಮೆಯಲ್ಲಿ ಇಣುಕುವಂತಿಲ್ಲ. ಸಮಯ ನಿರ್ದೇಶಕನ ಕೈಯಲ್ಲಿದೆ. ಅವನು ಎರಡು ಸೆಕೆಂಡು ಏನೂ ಮಾಡದೆ ಕಾಯಿಸಬಹುದು. ಸಾಯಿತೊ ಈ ಅನುಕೂಲವನ್ನು ಚೆನ್ನಾಗಿ ಹಿಂಡಿದ್ದಾರೆ. ಬೊಚ್ಚಿಯ ತಲೆ ಕೆಟ್ಟಾಗೆಲ್ಲ ಚಿತ್ರದ ಜಾತಿಯೇ ಬದಲಾಗುತ್ತದೆ. ಮುಖ ಗೀಚುಬರಹವಾಗುತ್ತದೆ, ಮೈ ಬೊಂಬೆಯಾಗುತ್ತದೆ, ನಡುವೆ ನಿಜ ಕ್ಯಾಮೆರಾದಲ್ಲಿ ತೆಗೆದ ದೃಶ್ಯವೂ ತೂರಿಬರುತ್ತದೆ. ಜೊತೆಗೆ ಯೊಶಿನೊ ಅಯೊಯಾಮ ಅವರ ದನಿ. ಗಂಟಲಲ್ಲಿ ಸಿಕ್ಕಿಕೊಂಡ ಆ 'ಆ… ಆ…' ಇದೆಯಲ್ಲ, ಅದನ್ನು ಯಾವ ಅಕ್ಷರದಲ್ಲಿ ಬರೆಯೋದು?

ಚಲನೆಯ ಬಗ್ಗೆ ಒಂದೆರಡು ಮಾತು ಸಾಕು. ಸಿನಿಮಾ ಸೆಕೆಂಡಿಗೆ 24 ಚಿತ್ರ. ಟೀವಿ ಅನಿಮೆಯಲ್ಲಿ ಎಷ್ಟೋ ಕಡೆ ಒಂದೇ ಚಿತ್ರವನ್ನು ಮೂರು ಸಲ ತೋರಿಸುತ್ತಾರೆ. ಅಂದರೆ ಸೆಕೆಂಡಿಗೆ ಎಂಟೇ ಹೊಸ ಚಿತ್ರ. 1963ರ ಜನವರಿ 1ರಂದು ಮಂಗಾಕಾರ ಒಸಾಮು ತೆಜುಕಾ ಅವರ 'ತೆತ್ಸುವಾನ್ ಆತೊಮು' (ಇಂಗ್ಲಿಷಿನಲ್ಲಿ 'ಆಸ್ಟ್ರೊ ಬಾಯ್') ಟೀವಿಗೆ ಬಂದ ಕಾಲದಿಂದ ನಡೆದುಬಂದ ಉಳಿತಾಯ ಇದು. ಎಂಟು ಚಿತ್ರ ಸಾಲುತ್ತದಾ? ಸಾಲುತ್ತದೆ. ನಡುವಿನ ಖಾಲಿಯನ್ನು ಮಿದುಳೇ ತುಂಬಿಕೊಳ್ಳುತ್ತದೆ. ಎರಡು ಗೆರೆಗಳನ್ನು ಒಂದಾದ ಮೇಲೊಂದು ತೋರಿಸಿದರೆ ಒಂದೇ ಗೆರೆ ಸರಿದಂತೆ ಕಾಣುತ್ತದೆ ಅಂತ ಮನೋವಿಜ್ಞಾನಿ ಮ್ಯಾಕ್ಸ್ ವರ್ತೈಮರ್ 1912ರಲ್ಲೇ ಬರೆದಿದ್ದರು. ಉಳಿಸಿದ ದುಡಿಮೆಯನ್ನು ಎಲ್ಲಿ ಸುರಿಯಬೇಕು ಅನ್ನುವುದರಲ್ಲಿ ನಿರ್ದೇಶಕ ಗೆಲ್ಲುತ್ತಾನೆ ಇಲ್ಲಾ ಸೋಲುತ್ತಾನೆ. ಬೊಚ್ಚಿಯಲ್ಲಿ ಅದು ಸುರಿದದ್ದು ವೇದಿಕೆಯ ಮೇಲೆ, ತಂತಿ ಹಿಡಿದ ಬೆರಳುಗಳಿಗೆ.

ಹೀಗೆ ಒಂದೇ ಕಡೆ ಸುರಿದು ಗೆದ್ದ ಇನ್ನೊಂದು ಉದಾಹರಣೆ 'ಕಿಮೆತ್ಸು ನೊ ಯಾಯಿಬಾ'. ಇಂಗ್ಲಿಷಿನಲ್ಲಿ 'ಡೀಮನ್ ಸ್ಲೇಯರ್' ಅಂದರೆ ಜಾಸ್ತಿ ಜನರಿಗೆ ಗೊತ್ತು. 2019ರ ಆಗಸ್ಟಿನಲ್ಲಿ ಬಂದ 19ನೇ ಕಂತಿನಲ್ಲಿ ಯುಫೊಟೇಬಲ್ ಸ್ಟುಡಿಯೊದವರು ಕಥಾನಾಯಕ ತಂಜಿರೊನ ಕಾಳಗದ ನಡುವೆ ಮೆಲ್ಲಗೆ ಒಂದು ಹಾಡು ಶುರುಮಾಡಿದರು. ಮಂಗಾದಲ್ಲಿ ಸರ್ರನೆ ದಾಟಿಹೋಗುವ ಪುಟಗಳು ಅವು. ಆ ಕಂತು ನೋಡಿ ಮೂಲ ಪುಸ್ತಕ ಹುಡುಕಿಕೊಂಡು ಹೋದವರು ಬಹಳ.

ಸಮಯ ಕೈಗೆ ಸಿಕ್ಕಿತು ಅಂತ ಎಳೆದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 'ಡ್ರ್ಯಾಗನ್ ಬಾಲ್ ಝಡ್'ನಲ್ಲಿ ಖಳನಾಯಕ ಫ್ರೀಜಾ 'ಐದು ನಿಮಿಷದಲ್ಲಿ ಈ ಗ್ರಹ ಸಿಡಿಯುತ್ತದೆ' ಅನ್ನುತ್ತಾನೆ. ಆ ಐದು ನಿಮಿಷ ಮುಗಿಯಲು ಸುಮಾರು ಹತ್ತು ಕಂತು ಬೇಕಾಯಿತು! ಮಂಗಾ ಇನ್ನೂ ವಾರವಾರ ಬರುತ್ತಿತ್ತು, ಅನಿಮೆ ಅದನ್ನು ಹಿಂದೆ ಹಾಕುವಂತಿರಲಿಲ್ಲ. ಹಾಗಾಗಿ ಫ್ರೀಜಾ, ನಾಯಕ ಗೊಕು ಇಬ್ಬರೂ ದುರುಗುಟ್ಟಿಕೊಂಡು ನಿಂತರು. ನಮ್ಮ ಧಾರಾವಾಹಿಗಳಲ್ಲಿ ಒಂದು ಕೆನ್ನೆಯೇಟಿಗೆ ಮೂರು ದಿಕ್ಕಿನಿಂದ ಮುಖ ತೋರಿಸುತ್ತಾರಲ್ಲ, ಅದೇ ರೋಗ. ಓದುವಾಗ ವೇಗ ನಮ್ಮದು. ಬೇಜಾರಾದರೆ ಪುಟ ಹಾರಿಸುತ್ತೇವೆ. ಮಂಗಾದ ಆ ಸ್ವಾತಂತ್ರ್ಯವನ್ನು ಕಿತ್ತುಕೊಂಡವರು ಬದಲಿಗೆ ಏನಾದರೂ ಕೊಡಬೇಕು, ಅಲ್ವಾ?

ಮತ್ತೆ ತಂತಿ ಕಡಿದ ಪುಟಕ್ಕೆ ಬರುತ್ತೇನೆ. 2005ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು ಒಂದು ಚಂದದ ಪ್ರಯೋಗ ಮಾಡಿದ್ದರು. ಹಾಡು ಕೇಳಿಸುತ್ತಾ ನಡುನಡುವೆ ಕೆಲವು ಸೆಕೆಂಡು ಸದ್ದು ತೆಗೆದುಬಿಡುವುದು, ಆಗ ಮಿದುಳಿನಲ್ಲಿ ಏನು ನಡೆಯುತ್ತದೆ ಅಂತ ಸ್ಕ್ಯಾನರಿನಲ್ಲಿ ನೋಡುವುದು. ಗೊತ್ತಿಲ್ಲದ ಹಾಡಿಗೆ ಹೋಲಿಸಿದರೆ ಗೊತ್ತಿದ್ದ ಹಾಡಿನ ಆ ಮೌನದಲ್ಲೂ ಕೇಳುವ ಭಾಗ ಹೆಚ್ಚು ಚುರುಕಾಗಿತ್ತು. ಸದ್ದು ನಿಂತರೂ ಗೊತ್ತಿದ್ದ ಹಾಡು ನಿಂತಿರಲಿಲ್ಲ. ತಲೆಯೊಳಗೆ ಓಡುತ್ತಲೇ ಇತ್ತು.

ಲೋಟದ ಸೋಲೊ ಆಲ್ಬಮ್ಮಿನಲ್ಲಿ ಇಲ್ಲ. ಅಲ್ಲಿ ತಂತಿ ಕಡಿಯುವುದಿಲ್ಲ, ಹಾಗಾಗಿ ಸೋಲೊ ಬೇರೆ. ಅದು ಬೇಕಾದರೆ 12ನೇ ಕಂತನ್ನೇ ಹಾಕಬೇಕು. ನಾನು ಈಗೀಗ ಅದನ್ನೂ ಹಾಕುವುದಿಲ್ಲ. ಮಂಗಾದ ಆ ಪುಟ ತೆಗೆಯುತ್ತೇನೆ. ಕಪ್ಪು ಗೆರೆ, ಬಿಳಿ ಕಾಗದ, ಒಂದು ಲೋಟ. ಸ್ವರ ಚೂರು ಕೆಳಗಿನಿಂದ ಜಾರುತ್ತಾ ಬಂದು ತನ್ನ ಜಾಗದಲ್ಲಿ ಕೂರುತ್ತದೆ.